ಬಾಲದ ತೂಕ 23 ಕೆಜಿ

ಶಿವರಾತ್ರಿ ಕಳೆದ ಮೇಲೆ ಇಲ್ಲೇ ಒಂದು ಫೋಟೊ ಹಾಕಿದ್ದೆ, ನಿಮಗೆ ನೆನಪಿರಬಹುದು. ನಮ್ಮ ಅಡಿಕೆ ಶೆಡ್ಡಿನಲ್ಲಿ ತಮ್ಮನ ಮಗ ಕಟ್ಟಿದ ಒಂದು ಸೀಟಿನ ವಿಮಾನ. ಕೆಳಗೆ "ನಮ್ಮ ಹುಡುಗ ಯುಗಾದಿಗೆ ಹಾರ್ತಾನೆ" ಅಂತ ಬರೆದಿದ್ದೆ. ಕೊಳೆ ರೋಗ, ಶುಂಠಿ, ಜೋಳದ ಲದ್ದಿ ಹುಳು ಅಂತ ನಾನು ಎಷ್ಟು ಬರೆದರೂ ಅಷ್ಟು ಫೋನು ಯಾವತ್ತೂ ಬಂದಿರಲಿಲ್ಲ. ಯುಗಾದಿ ಹೋಯ್ತು, ಮಳೆಗಾಲವೂ ಅರ್ಧ ಕಳೀತು. ಆನವಟ್ಟಿಗೆ ಹೋದರೂ, ಶಿಕಾರಿಪುರದ ಗೊಬ್ಬರದ ಅಂಗಡಿಗೆ ಹೋದರೂ ಒಂದೇ ಪ್ರಶ್ನೆ: "ಎಂತ ಆತು ಮಾರಾಯ್ರೆ, ವಿಮಾನ?" ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಅದಕ್ಕೆ ಪೂರಾ ಬರೀತಿದೀನಿ. ಇದರಲ್ಲಿ ನನ್ನ ತಪ್ಪೂ ಇದೆ.

ಹುಡುಗ ಡಿಪ್ಲೊಮಾ ಓದಿದವನು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾದಾಗಿಂದ ಅವನಿಗೆ ಈ ಹುಚ್ಚು. ಅಲ್ಯೂಮಿನಿಯಂ ಪೈಪು, ರೆಕ್ಕೆಗೆ ಬಟ್ಟೆ, ಮೂಗಿನಲ್ಲಿ ಹಳೇ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಒಂದು ನಕ್ಷೆ ತರಿಸಿಕೊಂಡು ಎರಡು ವರ್ಷ ಕೂತು ಕಟ್ಟಿದ. ಅಡಿಕೆ ದುಡ್ಡಲ್ಲಿ ನಾನೂ ಸ್ವಲ್ಪ ಕೊಟ್ಟಿದ್ದೆ. ಜೋಳ ಮುರಿದ ಮೇಲೆ ನಮ್ಮ ಹೊಲ ಉದ್ದಕ್ಕೆ ಖಾಲಿ ಬೀಳ್ತದೆ. ಯುಗಾದಿಗೆ ನೆಂಟರೂ ಬರ್ತಾರೆ. ಅವತ್ತು ಒಂದು ನಾಕಡಿ ಎತ್ತರಕ್ಕೆ ಜಿಗಿಸಿ ಇಳಿಸ್ತೀನಿ ಅಂದ. ನಾಕಡಿ ತಾನೇ, ಎಂತ ಆಗ್ತದೆ ಅಂತ ನಾನೂ ಹೂಂ ಅಂದಿದ್ದೆ.

ಹಬ್ಬಕ್ಕೆ ಎರಡು ದಿನ ಇತ್ತು. ಅವನು ಸೀಟಲ್ಲಿ ಕೂತು ಸ್ಟಿಕ್ ಆಡಿಸ್ತಿದ್ದ. ಶೆಡ್ಡಿಂದ ಹೊರಗೆ ತಿರುಗಿಸೋಣ ಅಂತ ನಾನು ಬಾಲ ಹಿಡಿದು ಎತ್ತಿದೆ. ಖಾಲಿ ಇದ್ದಾಗ ಹಗುರವಾಗಿ ಬರ್ತಿತ್ತು. ಅವತ್ತು ಸೊಂಟ ಹಿಡೀತು.

ಆಗ ಅಪ್ಪ ನೆನಪಾದರು. ಗಾಡಿಗೆ ಹುಲ್ಲು ಹೇರಿದ ಮೇಲೆ ಎತ್ತು ಕಟ್ಟೋಕೆ ಮುಂಚೆ ಅಪ್ಪ ಒಂದು ಸಲ ಮೂಕಿ ಎತ್ತಿ ನೋಡೋರು. ಮುಂದೆ ಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹೋಗ್ತದೆ. ಹಿಂದೆ ಜಾಸ್ತಿಯಾದರೆ ದಿಬ್ಬ ಹತ್ತುವಾಗ ಮೂಕಿ ಮೇಲೆದ್ದು ನೊಗದ ಕಣ್ಣಿ ಎತ್ತಿನ ಕುತ್ತಿಗೆಗೆ ಬಿಗೀತದೆ. ನಮ್ಮ ವಯಸ್ಸಿನವರಿಗೆಲ್ಲ ಇದು ಗೊತ್ತು.

"ತೂಕ ಹಾಕಿದೀಯೇನೋ?" ಅಂದೆ.

"ನಕ್ಷೆ ಪ್ರಕಾರನೇ ಕಟ್ಟಿದೀನಿ ದೊಡ್ಡಪ್ಪ."

ಆದರೆ ನಕ್ಷೆ ಪ್ರಕಾರ ಇರಲಿಲ್ಲ. ಕಾಲು ಚಾಚೋಕೆ ಆಗ್ಲಿ ಅಂತ ಸೀಟು ಹಿಂದಕ್ಕೆ ಹೋಗಿತ್ತು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಎರಡೂ ಸೀಟಿನ ಬೆನ್ನಿಗೆ ಸೇರಿದ್ದವು. ಬಾಲದ ಹತ್ತಿರ ಗಟ್ಟಿಗೆ ಇರಲಿ ಅಂತ ಒಂದು ಪೈಪು ಹೆಚ್ಚಿಗೆ ಬಿದ್ದಿತ್ತು.

ಅವತ್ತು ರಾತ್ರಿಯೇ ಮೂರು ತೂಕದ ಮಷಿನ್ ಸೇರಿಸಿದ್ವಿ. ಅಡಿಕೆ ತೂಗೋ ನಮ್ಮದೊಂದು, ಊರಲ್ಲಿ ಕೇಳಿ ತಂದಿದ್ದು ಎರಡು. ಚಕ್ರಕ್ಕೊಂದರಂತೆ ಇಟ್ಟು, ಬಾಲದ ಕೆಳಗೆ ಸ್ಟೂಲು ಕೊಟ್ಟು ವಿಮಾನ ಮಟ್ಟ ಮಾಡಿ, ಅವನನ್ನು ಕೂರಿಸಿದೆ. ಎಡ ಚಕ್ರ 94, ಬಲ ಚಕ್ರ 93, ಬಾಲ 23. ಒಟ್ಟು 210 ಕೆಜಿ.

ಲೆಕ್ಕ ಸುಲಭ, ಯಾರಾದರೂ ಮಾಡಬಹುದು. ರೆಕ್ಕೆಯ ಮುಂದಿನ ಅಂಚಿಂದ ಅಳೆಯೋದು. ಮುಂದಿನ ಎರಡೂ ಚಕ್ರ 10 ಇಂಚು ಹಿಂದೆ, ಬಾಲದ ಚಕ್ರ 150 ಇಂಚು ಹಿಂದೆ. 187ನ್ನು 10ರಿಂದ ಗುಣಿಸಿದರೆ 1870. 23ನ್ನು 150ರಿಂದ ಗುಣಿಸಿದರೆ 3450. ಕೂಡಿದರೆ 5320. ಅದನ್ನ 210ರಿಂದ ಭಾಗಿಸಿದರೆ 25 ಇಂಚಿಗೂ ಸ್ವಲ್ಪ ಮೇಲೆ. ಇಡೀ ವಿಮಾನದ ಭಾರ ನಿಲ್ಲೋ ಜಾಗ ಅದು. ನಕ್ಷೆಯಲ್ಲಿ 15ರಿಂದ 18 ಇಂಚಿನ ಒಳಗೆ ಇರಬೇಕು ಅಂತಿತ್ತು. ನಮ್ಮದು 7 ಇಂಚು ಹಿಂದೆ.

ಏಳು ಇಂಚು ಅಂದ್ರೆ ಒಂದು ಗೇಣೂ ಇಲ್ಲ. ಆದರೆ ಭಾರ ಹಿಂದೆ ಹೋದಷ್ಟೂ ಮೂಗು ತಾನಾಗೇ ಮೇಲೆ ಏಳ್ತದೆ, ಅದನ್ನ ಕೆಳಗೆ ತರೋ ಶಕ್ತಿ ಬಾಲಕ್ಕೆ ಉಳಿಯಲ್ಲ. ಮೂಗು ಎದ್ದರೆ ವೇಗ ಇಳೀತದೆ. ವೇಗ ಇಳಿದು ಮೂಗು ಇನ್ನೂ ಎದ್ದರೆ ರೆಕ್ಕೆಯ ಮೇಲೆ ಹರಿಯೋ ಗಾಳಿ ಕಿತ್ತುಹೋಗ್ತದೆ. ಸ್ಟಾಲ್ ಅಂತಾರೆ ಅದಕ್ಕೆ. ಆಮೇಲೆ ಅದು ವಿಮಾನ ಅಲ್ಲ, 210 ಕೆಜಿ ಸಾಮಾನು. ನಾಕಡಿಗೇ ನಿಲ್ಲಿಸ್ತೀನಿ ಅನ್ನೋದು ಅವನ ಕೈಲಿರಲ್ಲ.

ಇಷ್ಟು ಗೊತ್ತಾದ ಮೇಲೂ ಬೇಡ ಅನ್ನೋಕೆ ನನಗೆ ಒಂದು ರಾತ್ರಿ ಬೇಕಾಯ್ತು. ಅದನ್ನೇ ಇಲ್ಲಿ ಹೇಳಬೇಕಿತ್ತು. ಹುಡುಗನ ಜೀವದ ಲೆಕ್ಕ ಕಣ್ಣೆದುರು ಇದ್ದಾಗ ನನ್ನ ತಲೆಯಲ್ಲಿ ಇದ್ದಿದ್ದು ಆ ಫೋಟೊ, ಬರ್ತೀವಿ ಅಂದ ನೀವೆಲ್ಲ. ಬೆಳಗಿನ ಜಾವ ಎದ್ದು ಹೋಗಿ ಪ್ರೊಪೆಲ್ಲರಿನ ಆರು ಬೋಲ್ಟು ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಹಬ್ಬಕ್ಕೆ ಬಂದವರಿಗೆ ಎಂಜಿನ್ ಕೆಟ್ಟಿದೆ ಅಂತ ಸುಳ್ಳು ಹೇಳಿದೆ. ಅವನು ಇಪ್ಪತ್ತು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಅವನ ತಾಯಿ ಮಾತ್ರ ಊಟಕ್ಕೆ ಬಡಿಸುವಾಗ, "ಬೋಲ್ಟು ಜೋಪಾನ ಭಾವ" ಅಂದ್ಲು.

ಮಾತು ಶುರುವಾಗಿದ್ದು ಥರ್ಮಾಕೋಲಿನಿಂದ. ಸುಮ್ಮನೆ ಬಾಯಲ್ಲಿ ಹೇಳಿದರೆ ಅವನು ಒಪ್ಪಲ್ಲ ಅಂತ ಗೊತ್ತಿತ್ತು. ಐದರಲ್ಲಿ ಒಂದು ಪಾಲಿನ ಅಳತೆಗೆ ಅದೇ ವಿಮಾನ ಮಾಡಿಕೊಡು ಅಂದೆ. ನಮ್ಮ ರೆಕ್ಕೆ ಮುಂದಿಂದ ಹಿಂದಕ್ಕೆ 60 ಇಂಚು, ಮಾದರಿಯಲ್ಲಿ 12. ಒಳಗೆ ನಟ್ಟುಗಳನ್ನು ಅಂಟಿಸಿ ಭಾರ 5 ಇಂಚಿಗೆ ಬರೋ ಹಾಗೆ ಮಾಡಿದ್ವಿ. ಕೆರೆ ಏರಿ ಮೇಲೆ ನಿಂತು ಒಣಗಿದ ಕೆರೆ ಅಂಗಳದ ಕಡೆ ಅವನೇ ಎಸೆದ. ಕೈ ಬಿಟ್ಟ ತಕ್ಷಣ ಮೂಗು ಎತ್ತಿತು, ಒಂದು ಗಳಿಗೆ ನಿಂತಿತು, ಬಾಲ ಕುಸಿದು ಒಂದು ರೆಕ್ಕೆ ಮೇಲೆ ನೆಲಕ್ಕೆ ಬಿತ್ತು. ಮೂರು ಸಲವೂ ಹಾಗೇ. ನಟ್ಟುಗಳನ್ನ ಮುಂದಕ್ಕೆ ತಂದು ಮೂರೂವರೆ ಇಂಚಿಗೆ ಕೂರಿಸಿದ್ವಿ. ಈ ಸಲ ಗುಡವಿಯಲ್ಲಿ ಬೆಳ್ಳಕ್ಕಿ ಇಳಿಯೋ ಹಾಗೆ ನೆಟ್ಟಗೆ ತೇಲ್ಕೊಂಡು ಹೋಗಿ ಕೆರೆ ಮಧ್ಯ ಕೂತ್ಕೊಂತು. ಅವನು ಏನೂ ಹೇಳಲಿಲ್ಲ. ಇಳಿದು ಹೋಗಿ ಎತ್ಕೊಂಡು ಬಂದ. ಮನೆಗೆ ಬಂದವನು ಸೀಟು ಬಿಚ್ಚೋಕೆ ಶುರು ಮಾಡಿದ.

ಸೀಟು 15 ಇಂಚು ಮುಂದೆ ಬಂತು. ಬ್ಯಾಟರಿ ಎಂಜಿನ್ ಪಕ್ಕಕ್ಕೆ ಹೋಯ್ತು. ಟ್ಯಾಂಕು ರೆಕ್ಕೆ ಕೆಳಗೆ, ಭಾರ ನಿಲ್ಲೋ ಜಾಗದ ಹತ್ತಿರಕ್ಕೇ ಬಂತು. ಪೆಟ್ರೋಲ್ ಖಾಲಿಯಾಗ್ತಾ ಹೋದರೂ ತೂಕ ಆ ಕಡೆ ಈ ಕಡೆ ವಾಲಬಾರದಲ್ಲ. ಔಷಧಿ ಹೊಡೆಯೋ ಡ್ರೋನಿನಲ್ಲೂ ಕ್ಯಾನು ನಟ್ಟನಡುವೆ ಇರೋದು ಇದಕ್ಕೇ. ಮತ್ತೆ ತೂಗಿದರೆ ಬಾಲ 23ರಿಂದ 11ಕ್ಕೆ ಇಳಿದಿತ್ತು. ಲೆಕ್ಕ ಹದಿನೇಳೂವರೆ ಇಂಚಿಗೆ ಬಂತು.

ಎಂಜಿನ್ನಿಗೂ ಇದೇ ಪಾಠ. ಕಳೆ ಹೊಡೆಯೋ ಮಷಿನ್ ಇಟ್ಕೊಂಡವರಿಗೆ ಗೊತ್ತು, ಟೂ ಸ್ಟ್ರೋಕಿನ ಪ್ಲಗ್ ಬಿಚ್ಚಿದರೆ ಕಾಫಿಪುಡಿ ಬಣ್ಣ ಇರಬೇಕು. ಕಪ್ಪಗೆ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರೆ ಕಮ್ಮಿ, ಕಾದು ಪಿಸ್ಟನ್ ಹಿಡ್ಕೊಳ್ತದೆ. ಹೊಲದಲ್ಲಿ ಮಷಿನ್ ನಿಂತರೆ ಬೈದು ಕೂತ್ಕೋಬಹುದು, ಮೇಲೆ ನಿಂತರೆ ಕೂರೋಕೆ ಜಾಗ ಇಲ್ಲ. ನಮ್ಮದರಲ್ಲಿ ಒಂದು ಪ್ಲಗ್ ಬೆಳ್ಳಗಿತ್ತು. ಅವನು ಜೆಟ್ಟು, ಪ್ಲಗ್ಗು, ಪ್ರೊಪೆಲ್ಲರ್ ಕೋನ ಮೂರನ್ನೂ ಒಂದೇ ದಿನ ಬದಲಾಯಿಸಿಬಿಡ್ತಿದ್ದ. ಸರಿಯಾದರೆ ಯಾವುದರಿಂದ ಆಯ್ತು ಅಂತ ಗೊತ್ತಾಗ್ತಿರಲಿಲ್ಲ. ಈಗ ನಿಯಮ ಮಾಡಿದೀವಿ: ದಿನಕ್ಕೆ ಒಂದೇ ಬದಲಾವಣೆ, ಆಮೇಲೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯೋದು.

ಈ ಮಧ್ಯೆ ಅವನು ಓದಿ ನನಗೂ ಹೇಳಿದ. ಬೆಂಗಳೂರಿನ ಎನ್‌ಎಎಲ್‌ನವರು 1987ರಲ್ಲಿ ಹಾರಿಸಿದ ಒಂದು ಪುಟ್ಟ ವಿಮಾನಕ್ಕೆ ಮೂಲ ಅಮೆರಿಕದ ಬರ್ಟ್ ರುಟಾನ್ ಅವರ ಲಾಂಗ್ ಈಝಿಯಂತೆ. ಜನ ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ ನಕ್ಷೆ ಮಾರಿದ ವಿಮಾನ ಅದು. ಫೋಮು ಕತ್ತರಿಸಿ ಮೇಲೆ ಫೈಬರ್ ಗ್ಲಾಸ್ ಹೊದಿಸೋದು. ಎಂಜಿನ್ ಹಿಂದೆ, ಪುಟ್ಟ ರೆಕ್ಕೆ ಮುಂದೆ. ವೇಗ ಇಳಿದರೆ ಮುಂದಿನ ಪುಟ್ಟ ರೆಕ್ಕೆಯೇ ಮೊದಲು ಸೋತು ಮೂಗು ತಾನಾಗೇ ಬಗ್ಗಬೇಕು, ದೊಡ್ಡ ರೆಕ್ಕೆ ಉಳೀಬೇಕು ಅನ್ನೋ ಉಪಾಯ. ಅದರಲ್ಲೂ ಭಾರ ಹಿಂದೆ ಸರಿದರೆ ಉಪಾಯ ನಡೆಯಲ್ಲ. ಓಡಿಸೋನು ಇಳಿದ ಮೇಲೆ ಅದು ಹಿಂದಕ್ಕೆ ಮಗುಚ್ತದೆ ಅಂತ, ಮುಂದಿನ ಚಕ್ರ ಮಡಚಿ ಮೂಗು ನೆಲಕ್ಕೆ ಊರಿ ನಿಲ್ಲಿಸ್ತಾರೆ. ಚಿತ್ರ ನೋಡಿದೆ, ಎತ್ತು ಮುಂಗಾಲು ಮಡಚಿ ಕೂತ ಹಾಗೇ ಇದೆ. ಆ ಕೆಲಸದಲ್ಲಿ ಕಲಿತಿದ್ದು 1993ರಲ್ಲಿ ಹಾರಿದ ಹಂಸ ವಿಮಾನಕ್ಕೆ ಬಂತು.

ಇನ್ನೊಂದು ಕಾಗದದ ವಿಷಯ. ಅದನ್ನ ನಾನು ಯೋಚನೇನೇ ಮಾಡಿರಲಿಲ್ಲ. ನಮ್ಮ ಹೊಲ, ನಮ್ಮ ವಿಮಾನ ಅಂತ ಹಾರೋ ಹಾಗಿಲ್ಲ. ಡಿಜಿಸಿಎ ನೋಂದಣಿ ಬೇಕು, ಹಾರಾಟದ ಪರವಾನಗಿ ಬೇಕು, ಹಾರಿಸೋನಿಗೆ ಲೈಸೆನ್ಸ್ ಬೇಕು. ಮುಂಬೈಯ ಅಮೋಲ್ ಯಾದವ್ ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದವರು, ಸ್ವತಃ ಪೈಲಟ್. 2016ರಲ್ಲಿ ಅದನ್ನ ಪ್ರದರ್ಶನಕ್ಕೆ ಇಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ 2019ರಲ್ಲಿ. ಅವರಿಗೇ ಅಷ್ಟು ವರ್ಷ ಹಿಡಿದಿದೆ. ನಾವು ಯುಗಾದಿಗೆ ಅಂತ ಹೊರಟಿದ್ವಿ.

ಸದ್ಯ ಹುಡುಗ ಜಕ್ಕೂರಿಗೆ ಹೋಗಿ ಹಾರೋದು ಕಲಿಯೋಕೆ ಎಷ್ಟು ಖರ್ಚು ಅಂತ ವಿಚಾರಿಸಿಕೊಂಡು ಬಂದಿದಾನೆ. ಖರ್ಚು ಕೇಳಿ ಇಬ್ಬರೂ ಸುಮ್ಮನೆ ಕೂತ್ವಿ. ಈ ಸಲದ ಅಡಿಕೆ ನೋಡ್ಕೊಂಡು ತೀರ್ಮಾನ. ಕೊಯ್ಲು ಹತ್ರ ಬಂತು, ಶೆಡ್ ಬೇಕು. ಮೊನ್ನೆ ರೆಕ್ಕೆ ಎರಡೂ ಬಿಚ್ಚಿ ಹಗ್ಗ ಕಟ್ಟಿ ಮಾಡಿನ ತೊಲೆಗೆ ತೂಗು ಹಾಕಿದ್ವಿ. ಉಳಿದಿದ್ದು ಟಾರ್ಪಾಲಿನ ಅಡಿಯಲ್ಲಿ, ಬೋರ್ಡೋ ಡ್ರಮ್ಮಿನ ಪಕ್ಕ ಇದೆ. ಆರು ಬೋಲ್ಟು ಅವನ ಕೈಗೇ ಕೊಟ್ಟೆ. ಅವನು ತಿರುಗಿ ನನಗೇ ಕೊಟ್ಟ, "ನಿಮ್ ಹತ್ರನೇ ಇರ್ಲಿ ದೊಡ್ಡಪ್ಪ" ಅಂದ.

ನೋಡೋಕೆ ಬರೋರು ಬನ್ನಿ. ಮಕ್ಕಳನ್ನ ಕರ್ಕೊಂಡು ಬಂದರೆ ಥರ್ಮಾಕೋಲಿಂದು ಎಸೆದು ತೋರಿಸ್ತಾನೆ. ತೂಕದ ಲೆಕ್ಕ ಕೇಳಿ, ಪ್ಲಗ್ ಬಣ್ಣ ಕೇಳಿ. ಯಾವಾಗ ಹಾರ್ತದೆ ಅಂತ ಮಾತ್ರ ಅವನನ್ನ ಕೇಳಬೇಡಿ.