ಕೂಡಿಸದೆ ಬಿಟ್ಟ ಗೆರೆ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎನ್ನುತ್ತದೆ ನಮ್ಮ ಗಾದೆ. ಅಮೆರಿಕದ ನ್ಯೂ ಮೆಕ್ಸಿಕೋದ ಆಕೋಮಾ, ಝೂನಿ ಎಂಬ ಪ್ವೆಬ್ಲೋ ಊರುಗಳ ಮಡಕೆಗಳ ಬಗ್ಗೆ ಓದುವಾಗ, ಈ ಗಾದೆ ಅಲ್ಲಿ ಅರ್ಧ ಮಾತ್ರ ನಿಜ ಅನ್ನಿಸಿತು. ಅಲ್ಲಿ ಹಳೆಯ ಮಡಕೆಯ ಬೋಕಿಗಳನ್ನು ಪುಡಿ ಮಾಡಿ ಹೊಸ ಜೇಡಿಮಣ್ಣಿಗೆ ಬೆರೆಸುತ್ತಾರೆ. ಒಣಗುವಾಗ, ಸುಡುವಾಗ ಮಣ್ಣು ಬಿರಿಯದಿರಲು ಅದು ಬೇಕು. ಹೊಸ ಮಡಕೆಯ ಮೈಯೊಳಗೆ ಅಜ್ಜಿಯ ಕಾಲದ ಮಡಕೆಯೂ ಇರಬಹುದು.

ಈ ಕೆಲಸ ಹೆಚ್ಚಾಗಿ ಹೆಂಗಸರದು. ತಿಗರಿ ಇಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುರುಳಿಯ ಮೇಲೆ ಸುರುಳಿ ಇಟ್ಟು ಮಡಕೆ ಎಬ್ಬಿಸುತ್ತಾರೆ. ಮೇಲೆ ಬಿಳಿಮಣ್ಣಿನ ತೆಳು ಲೇಪ. ಯುಕ್ಕಾ ಎಲೆಯ ತುದಿಯನ್ನು ಜಗಿದು ನಾರು ಬಿಡಿಸಿದರೆ ಅದೇ ಕುಂಚ. ಕರಡುಚಿತ್ರವಿಲ್ಲದೆ, ದುಂಡು ಮೈಯನ್ನು ಕಣ್ಣಳತೆಯಲ್ಲೇ ಭಾಗ ಮಾಡಿ ಮೆಟ್ಟಿಲು, ಮೋಡ, ಹಕ್ಕಿಯ ಗರಿ ಬರೆಯುತ್ತಾರೆ. ಝೂನಿಯ ಜಿಂಕೆಗೆ ಬಾಯಿಂದ ಎದೆಯವರೆಗೆ ಒಂದು ಕೆಂಪು ಗೆರೆ.

ನನ್ನ ಪಿಎಚ್.ಡಿ. ಜಾನಪದ ವಿನ್ಯಾಸಗಳ ಮೇಲೆ. ಎಡಕ್ಕೆ ಚಿತ್ರ, ಬಲಕ್ಕೆ ಅರ್ಥ ಎಂಬ ಪಟ್ಟಿಯೊಂದು ಪ್ರಬಂಧದಲ್ಲಿ ಇರಲೇಬೇಕು ಎನ್ನುವುದು ನನ್ನ ಗೈಡ್ ಅವರ ಮಾತು. ಅಂಥ ಪಟ್ಟಿಗೆ ಮಾದರಿ ಹುಡುಕುತ್ತಲೇ ನಾನು ರೂತ್ ಬುನ್ಜೆಲ್ ಅವರ 'ದ ಪ್ವೆಬ್ಲೋ ಪಾಟರ್' ಪುಸ್ತಕ ಹಿಡಿದದ್ದು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅವರ ಕಾರ್ಯದರ್ಶಿಯಾಗಿದ್ದ ಬುನ್ಜೆಲ್ 1924ರಲ್ಲಿ ಝೂನಿಗೆ ಹೋದರು, ಕುಂಬಾರ್ತಿಯರ ಪಕ್ಕ ಕೂತು ತಾವೂ ಮಡಕೆ ಮಾಡಲು ಕಲಿತರು. ಪುಸ್ತಕ ಬಂದದ್ದು 1929ರಲ್ಲಿ. ಅದರಲ್ಲಿ ಅರ್ಥಗಳಿಗಿಂತ ಹೆಚ್ಚಾಗಿ ಮನುಷ್ಯರು ಸಿಗುತ್ತಾರೆ. ಒಂದೇ ಆಕಾರಕ್ಕೆ ಇಬ್ಬರು ಎರಡು ಹೆಸರು ಹೇಳುತ್ತಾರೆ. ವಿನ್ಯಾಸ ಕನಸಿನಲ್ಲಿ ಬರುತ್ತದೆ ಎನ್ನುವವರೂ ಇದ್ದಾರೆ.

ನನ್ನನ್ನು ಹೆಚ್ಚು ಕಾಡಿದ್ದು ಒಂದು ಖಾಲಿ ಜಾಗ. ಬಹಳಷ್ಟು ಹಳೆಯ ಮಡಕೆಗಳಲ್ಲಿ ಕೊರಳನ್ನು ಸುತ್ತುವ ಗೆರೆಯ ಎರಡು ತುದಿಗಳು ಕೂಡುವುದಿಲ್ಲ. ಕೂಡಿಸಿದರೆ ಬರೆದವಳ ಬದುಕಿನ ದಾರಿಯೂ ಮುಚ್ಚುತ್ತದೆ ಎನ್ನುವವರಿದ್ದಾರೆ. ಮಡಕೆಯ ಉಸಿರಾಟಕ್ಕೆ ಬಿಟ್ಟ ದಾರಿ ಎನ್ನುವವರೂ ಇದ್ದಾರೆ. ಪಟ್ಟಿಯಲ್ಲಿ ಯಾವುದನ್ನು ಬರೆಯಲಿ?

ಅರ್ಥ ಹೀಗೆ ಹೊರಗಿನವರ ಕೈಗೆ ಬಂದದ್ದು ಹೇಗೆ ಎಂದು ನೋಡಿದರೆ, ಮೊದಲು ಮಡಕೆಗಳೇ ಬಂದಿದ್ದವು. 1879ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ತಂಡ ಝೂನಿಯಿಂದ ಮಡಕೆಗಳನ್ನು ರಾಶಿರಾಶಿಯಾಗಿ ವಾಷಿಂಗ್‌ಟನ್‌ಗೆ ಸಾಗಿಸಿತು. ಆಮೇಲೆ ರೈಲು ಬಂತು. ಜೊತೆಗೆ ತಗಡಿನ ಬಕೆಟ್ಟು, ಪ್ರವಾಸಿಗರು. ನೀರಿನ ಹರವಿಯ ಜಾಗಕ್ಕೆ ಮಾರಾಟದ ಪುಟ್ಟ ಮಡಕೆ ಬಂತು. 1922ರಲ್ಲಿ ಸ್ಯಾಂಟಾ ಫೆಯ ಒಂದು ಔತಣಕೂಟದಲ್ಲಿ ಝೂನಿಯ ಮಡಕೆಯೊಂದು ಒಡೆಯಿತು. ಅಲ್ಲಿದ್ದವರು ಅದನ್ನು ಜೋಡಿಸಿದರು. ಹಳೆಯ ಮಡಕೆಗಳ ದೊಡ್ಡ ಸಂಗ್ರಹವೊಂದು ಅಲ್ಲಿಂದ ಶುರುವಾಯಿತು. ಇಂದು ಪ್ವೆಬ್ಲೋ ಕುಂಬಾರ್ತಿಯರೂ ಅಲ್ಲಿಗೆ ಬಂದು ತಮ್ಮ ಹಿರಿಯರ ಗೆರೆಗಳನ್ನು ನೋಡುತ್ತಾರೆ. ಅವರು ಹುಡುಕುವುದು ಅರ್ಥವನ್ನಷ್ಟೇ ಅಲ್ಲ, ಮುಂದಿನ ಮಡಕೆಯನ್ನು.

ನನ್ನ ಪಟ್ಟಿಗೆ ಈಗ ಮೂರನೆಯ ಕಾಲಂ ಸೇರಿದೆ: 'ಹೇಳಿದವರು ಯಾರು'. ಒಂದು ಚಿತ್ರದ ಮುಂದೆ ಎರಡು ಮೂರು ಅರ್ಥ, ಎರಡು ಮೂರು ಜನ. ಕೆಲವು ಕಡೆ ಅರ್ಥದ ಮನೆಯೇ ಖಾಲಿ. ಗೈಡ್ ಇನ್ನೂ ಒಪ್ಪಿಲ್ಲ. ಖಾಲಿ ಮನೆಗಳನ್ನು ನಾನಂತೂ ತುಂಬುವುದಿಲ್ಲ.