ಚಿಕ್ಕಮ್ಮನ ಓಟಿ ಮತ್ತು ಅಮೆರಿಕದ ಸುಂಕ

ಬರೆಯದೆ ತುಂಬಾ ದಿನವಾಗಿತ್ತು. ಈಗ ಬರೆಸುತ್ತಿರೋದು ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. 2025ರ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಾ "ಓಟಿ ನಿಲ್ಲಿಸಿಬಿಟ್ರು ಕಣೋ" ಅಂದರು. ಅವರ ಲೈನಿನಲ್ಲಿ ಹೊಲಿಯೋ ಶರ್ಟುಗಳೆಲ್ಲ ಅಮೆರಿಕಕ್ಕೆ ಹೋಗುವಂಥವು. ಆ ವರ್ಷ ಆಗಸ್ಟ್ 7ರಿಂದ ಭಾರತದ ಮಾಲಿನ ಮೇಲೆ ಶೇ. 25 ಹೆಚ್ಚುವರಿ ಸುಂಕ ಬಿತ್ತು. ರಷ್ಯಾದ ತೈಲ ಕೊಂಡಿದ್ದಕ್ಕೆ ಅಂತ ಆಗಸ್ಟ್ 27ರಿಂದ ಇನ್ನೊಂದು ಶೇ. 25. ಸುಂಕ ಕಟ್ಟೋನು ಅಲ್ಲಿಯ ಆಮದುದಾರ, ನಿಜ. ಆದರೆ ಅವನು ಆರ್ಡರ್ ಕಮ್ಮಿ ಮಾಡಿದರೆ ಇಲ್ಲಿ ಮೊದಲು ಹೋಗೋದು ಓಟಿ. ಚಿಕ್ಕಮ್ಮನ ಓಟಿ ದುಡ್ಡಿನಲ್ಲೇ ನನ್ನ ತಂಗಿಯ ಕಾಲೇಜು ಫೀಸು ನಡೀತಿದ್ದದ್ದು.

"ಒಬ್ರು ಬೆಳಿಗ್ಗೆ ಎದ್ದು ತೆರಿಗೆ ಹಾಕ್ಬಿಟ್ರೆ ಕೇಳೋರು ಯಾರೂ ಇಲ್ವಾ ಅಲ್ಲಿ? ಅವರಿಗೂ ವಿಧಾನಸೌಧ ಅಂತ ಒಂದು ಇರುತ್ತಲ್ಲ?"

"ಇದೆ ಚಿಕ್ಕಮ್ಮ, ಕಾಂಗ್ರೆಸ್ ಅಂತಾರೆ (ನಮ್ಮ ಕಾಂಗ್ರೆಸ್ ಅಲ್ಲ!)" ಅಂದೆ.

"ಮತ್ತೆ ಅವರೇನು ಮಾಡ್ತಿದಾರೆ?"

ಉತ್ತರ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ಮಗ ಸುಮ್ಮನೆ ಉಪ್ಪಿಟ್ಟು ತಿಂದು ಎದ್ದು ಬಂದ. ಆಮೇಲೆ ರಾತ್ರಿಯೆಲ್ಲ ಕೂತು ಓದಿದೆ.

ಅಮೆರಿಕದ ಸಂವಿಧಾನದ ಮೊದಲನೇ ವಿಧಿಯ 8ನೇ ಸೆಕ್ಷನ್ನಿನಲ್ಲಿ ಸುಂಕ ಹಾಕುವ ಅಧಿಕಾರ ಸ್ಪಷ್ಟವಾಗಿ ಕಾಂಗ್ರೆಸ್ಸಿನದ್ದು. 1930ರ ಸ್ಮೂಟ್-ಹಾಲಿ ಕಾಯ್ದೆಯಲ್ಲಿ ಕಾಂಗ್ರೆಸ್ಸೇ ಸಾವಿರಾರು ಸಾಮಾನುಗಳಿಗೆ ಸುಂಕ ಏರಿಸಿತು. ಅದರ ಫಲ ಕಹಿಯಾದ ಮೇಲೆ 1934ರಲ್ಲಿ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ಸುಂಕ ಬದಲಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟರು. ಆದರೆ ಮೂರು ವರ್ಷಕ್ಕೆ ಮಾತ್ರ, ಶೇ. 50ರ ಮಿತಿಯೊಳಗೆ ಮಾತ್ರ. ಇದು ನನಗೆ ಇಷ್ಟವಾಯ್ತು. ಯಾರಿಗಾದರೂ ಆಕ್ಸೆಸ್ ಕೊಡೋವಾಗ ಎಕ್ಸ್‌ಪೈರಿ ಡೇಟ್ ಹಾಕಿ ಕೊಟ್ಟ ಹಾಗೆ.

2025ರಲ್ಲಿ ಟ್ರಂಪ್ ಈ ಸುಂಕಗಳಿಗೆ ಹಿಡಿದದ್ದು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯನ್ನು. ಅದರಲ್ಲಿ ಸುಂಕ ಅನ್ನೋ ಪದವೇ ಇಲ್ಲ, ಆಮದನ್ನು ನಿಯಂತ್ರಿಸಬಹುದು ಅಂತಿದೆ. ಹಾಗಂತ ಕಾಂಗ್ರೆಸ್ ಕಣ್ಣು ಮುಚ್ಚಿ ಕೊಟ್ಟಿರಲಿಲ್ಲ. 1976ರ ಇನ್ನೊಂದು ಕಾಯ್ದೆಯ ಪ್ರಕಾರ ಎರಡೂ ಸದನಗಳು ಸರಳ ಬಹುಮತದಿಂದ ಬೇಡ ಅಂದರೆ ತುರ್ತು ಪರಿಸ್ಥಿತಿ ಮುಗೀತು. ಅಧ್ಯಕ್ಷರ ಸಹಿ ಬೇಕಿರಲಿಲ್ಲ.

ಆ ಬಾಗಿಲು ಮುಚ್ಚಿದ್ದು ಒಂದು ವೀಸಾ ಕೇಸಿನಿಂದ! ಜಗದೀಶ್ ರಾಯ್ ಚಢಾ ಅಂತ, ಕೀನ್ಯಾದಲ್ಲಿ ಭಾರತೀಯ ತಂದೆ-ತಾಯಿಗೆ ಹುಟ್ಟಿದವರು, ಓದಲಿಕ್ಕೆ ಅಮೆರಿಕಕ್ಕೆ ಹೋದವರು. ವೀಸಾ ಮುಗಿದರೂ ಅಲ್ಲೇ ಇರಲು ವಲಸೆ ನ್ಯಾಯಾಧೀಶರು ಒಪ್ಪಿದ್ದರು. 1975ರಲ್ಲಿ ಕೆಳಮನೆ ಒಂದೇ ಮತ ಹಾಕಿ ಅದನ್ನು ರದ್ದು ಮಾಡಿತು. ಚಢಾ ಕೋರ್ಟಿಗೆ ಹೋದರು, 1983ರಲ್ಲಿ ಗೆದ್ದರು. ಕಾನೂನಿನ ಪರಿಣಾಮ ಇರೋ ಯಾವ ನಿರ್ಣಯವೂ ಎರಡೂ ಸದನ ದಾಟಿ ಅಧ್ಯಕ್ಷರ ಮುಂದೆ ಹೋಗಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಚಢಾಗೆ ಸಿಕ್ಕಿದ್ದು ನ್ಯಾಯವೇ. ಆದರೆ ಆ ತೀರ್ಪಿಗೆ ತಕ್ಕಂತೆ 1985ರಲ್ಲಿ ತುರ್ತು ಕಾಯ್ದೆ ತಿದ್ದಿದ ಮೇಲೆ ಲೆಕ್ಕ ತಲೆಕೆಳಗಾಯ್ತು. ಕಾಂಗ್ರೆಸ್ ಬೇಡ ಅಂದರೂ ಅಧ್ಯಕ್ಷರು ವೀಟೋ ಮಾಡಬಹುದು, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಒಬ್ಬನಿಗೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು, ವಾಪಸ್ ತಗೋಬೇಕಾದರೆ ಅವನೇ ಓಕೆ ಒತ್ತಬೇಕು ಅಂತ ಪ್ರೋಗ್ರಾಂ ಬರೆದ ಹಾಗೆ!

ಇಷ್ಟಾದರೂ 2025ರ ಏಪ್ರಿಲ್ 2ರಂದು ಕೆನಡಾದ ಮೇಲಿನ ಸುಂಕದ ವಿರುದ್ಧ ಸೆನೆಟ್ 51-48 ಮತ ಹಾಕಿತು. ಕೆಳಮನೆ ಮಾತ್ರ ಅದಕ್ಕೆ ಮೊದಲೇ, ಮಾರ್ಚಿನಲ್ಲಿ, ಒಂದು ನಿಯಮ ಮಾಡಿಕೊಂಡಿತ್ತು. ಇಂಥ ನಿರ್ಣಯವನ್ನು ಇಂತಿಷ್ಟು ದಿನದೊಳಗೆ ಮತಕ್ಕೆ ಹಾಕಬೇಕಲ್ಲ, ಆ ಲೆಕ್ಕಕ್ಕೆ ಅಧಿವೇಶನದ ಉಳಿದ ದಿನಗಳು ದಿನಗಳೇ ಅಲ್ಲವಂತೆ! ಡೆಡ್‌ಲೈನ್ ತಪ್ಪಿಸಲು ಗಡಿಯಾರ ನಿಲ್ಲಿಸಿದ್ದನ್ನು ನಾನು ಸಾಫ್ಟ್‌ವೇರಿನಲ್ಲೂ ಕಂಡಿಲ್ಲ.

ನಮ್ಮಲ್ಲಿ? 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 8ಎ ಪ್ರಕಾರ ಕೇಂದ್ರ ಸರ್ಕಾರ ತುರ್ತಾಗಿ ಸುಂಕ ಏರಿಸಬಹುದು. ಪುಲ್ವಾಮಾ ದಾಳಿಯ ನಂತರ, 2019ರ ಫೆಬ್ರವರಿ 16ರಂದು, ಪಾಕಿಸ್ತಾನದ ಸಾಮಾನಿಗೆ ಶೇ. 200 ಹಾಕಿದ್ದು ಹೀಗೇ. ಆದರೆ ಆ ಅಧಿಸೂಚನೆಯನ್ನು ಸಂಸತ್ತಿನ ಮುಂದಿಟ್ಟು ಒಪ್ಪಿಗೆ ಕೇಳಲೇಬೇಕು. ಬಹುಮತ ಸರ್ಕಾರದ್ದೇ ಆದ್ದರಿಂದ ಒಪ್ಪಿಗೆ ಸಿಕ್ಕೇ ಸಿಗುತ್ತೆ ಅನ್ನಬಹುದು. ಇರಲಿ, ಕೇಳಬೇಕಾದವರು ಸರ್ಕಾರದವರು ಅನ್ನೋದೇ ದೊಡ್ಡ ವ್ಯತ್ಯಾಸ.

ಕೊನೆಗೆ ತಡೆದದ್ದು ಕೋರ್ಟು. 2026ರ ಫೆಬ್ರವರಿ 20ರಂದು ಅಮೆರಿಕದ ಸುಪ್ರೀಂ ಕೋರ್ಟ್, 1977ರ ಕಾಯ್ದೆಯಲ್ಲಿ ಸುಂಕ ಹಾಕುವ ಅಧಿಕಾರ ಇಲ್ಲ ಅಂತ 6-3ರಲ್ಲಿ ಹೇಳಿತು. ಅದೇ ದಿನ ಟ್ರಂಪ್ 1974ರ ವ್ಯಾಪಾರ ಕಾಯ್ದೆಯ 122ನೇ ಸೆಕ್ಷನ್ ಹಿಡಿದು ಶೇ. 10 ಘೋಷಿಸಿದರು. ಆ ಸೆಕ್ಷನ್ನಿಗೆ ಮಿತಿ ಇದೆ, ಹೆಚ್ಚೆಂದರೆ ಶೇ. 15, 150 ದಿನ. ಆಮೇಲೆ ಮುಂದುವರೆಸಬೇಕಾದರೆ ಕಾಂಗ್ರೆಸ್ಸೇ ಕಾನೂನು ಮಾಡಬೇಕು. ಹೆಚ್ಚೂಕಡಿಮೆ ಒಂದೇ ಕಾಲದಲ್ಲಿ ಕಾಂಗ್ರೆಸ್ಸು ಬರೆದ ಎರಡು ಕಾಯ್ದೆಗಳು. ಒಂದರಲ್ಲಿ ತಾರೀಖಿದೆ, ಇನ್ನೊಂದರಲ್ಲಿಲ್ಲ. ವ್ಯತ್ಯಾಸ ಅಷ್ಟೇ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು, "ಕೊಡೋವಾಗ್ಲೇ ವಾಪಸ್ ಯಾವಾಗ ಅಂತ ಬರೆಸ್ಕೋಬೇಕಿತ್ತು. ಚೀಟಿ ಹಾಕೋ ನಮಗೇ ಅಷ್ಟು ಗೊತ್ತು."

ಆಮೇಲೆ ಸ್ವಲ್ಪ ತಡೆದು, "ನನ್ನ ಓಟಿ?" ಅಂದರು.

ಕಟ್ಟಿದ ಸುಂಕ ವಾಪಸ್ ಕೊಡಿ ಅಂತ ಆಮದುದಾರ ಕೋರ್ಟಿಗೆ ಹೋಗಬಹುದು. ಹೊಲಿಯದೇ ಉಳಿದ ಶರ್ಟುಗಳಿಗೆ ಅರ್ಜಿ ಹಾಕೋ ಕಿಟಕಿ ಎಲ್ಲೂ ಇಲ್ಲ. ಈ ಸಲವೂ ಸುಮ್ಮನೆ ಉಪ್ಪಿಟ್ಟು ತಿಂದೆ.