ಗುಂಪಿನೊಡನೆ ಒಬ್ಬರೇ ಲಂಡನ್ನಿಗೆ

ಪ್ರವಾಸವೆಂದರೆ ನಮ್ಮ ಮನೆತನಗಳಲ್ಲಿ ಒಬ್ಬರೇ ಹೊರಡುವ ಸಂಗತಿಯಲ್ಲ. ಕೂಡಲಸಂಗಮಕ್ಕೆ ಹೋಗಲಿ, ಶ್ರೀಶೈಲಕ್ಕೆ ಹೋಗಲಿ, ಮನೆಯವರು, ನೆರೆಯವರು, ಬೀಗರು, ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಎಲ್ಲವೂ ಕೂಡಿಯೇ ಹೊರಡುವುದು ವಾಡಿಕೆ. ಹೀಗಿರಲು, ಅರವತ್ತಾರನೆಯ ವಯಸ್ಸಿನಲ್ಲಿ ನಾವು ಒಬ್ಬರೇ ಲಂಡನ್ನಿಗೆ ಹೊರಟಿರುವೆವೆಂಬ ಸುದ್ದಿ ಹಬ್ಬಿದಾಗ ಧಾರವಾಡದ ನಮ್ಮ ಓಣಿಯಲ್ಲಿ ಎದ್ದ ಮೊದಲ ಪ್ರಶ್ನೆ "ಒಬ್ಬರ ಏನ್ರಿ?" ಎಂಬುದೇ ಆಗಿತ್ತು. ವೀಸಾ ಸಿಕ್ಕಿತೇ, ಚಳಿ ಎಷ್ಟು, ಊಟಕ್ಕೆ ಏನು ಗತಿ ಎಂಬ ಪ್ರಶ್ನೆಗಳೆಲ್ಲ ಆಮೇಲೆ ಬಂದವು.

ಹೋಗಬೇಕೆಂದಿದ್ದವರು ವಾಸ್ತವವಾಗಿ ಇಬ್ಬರು. ನಮ್ಮ ಯಜಮಾನರು ರೈಲ್ವೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಜಗತ್ತಿನ ಮೊಟ್ಟಮೊದಲ ನೆಲದಡಿಯ ರೈಲು 1863ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಓಡಿತೆಂಬುದನ್ನೂ, ಆಗ ಅದನ್ನು ಎಳೆದದ್ದು ಹೊಗೆಯುಗುಳುವ ಉಗಿಯ ಇಂಜಿನ್ನೇ ಎಂಬುದನ್ನೂ ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಸುರಂಗದೊಳಗೆ ಉಗಿಬಂಡಿ ಓಡಿಸಿದ ಆ ಧೈರ್ಯದ ಜಾಗವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಬಯಕೆ. ಮಗಳ ಮದುವೆ, ಮನೆಯ ಸಾಲ, ಮೊಣಕಾಲಿನ ಚಿಕಿತ್ಸೆ ಎಂದು ವರ್ಷಗಳು ಉರುಳಿದವು. 2019ರಲ್ಲಿ ಅವರು ಲಿಂಗೈಕ್ಯರಾದರು. ಬಳಿಕ ಐದು ವರ್ಷ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದವರು ಕೊನೆಗೆ ನಾವೇ.

ಒಬ್ಬರೇ ಹೋಗುವವರಿಗೆ ಗುಂಪಿನ ಪ್ರವಾಸವೇ ಸುರಕ್ಷಿತವೆಂದು ಅಳಿಯಂದಿರು ಹೇಳಿದ್ದರಿಂದ ಐದು ದಿನದ ಲಂಡನ್ ಪ್ರವಾಸಕ್ಕೆ ಹೆಸರು ಕೊಟ್ಟೆವು. ಓದುಗರು ತಿಳಿದಿರಬೇಕಾದ ಒಂದು ಸಂಗತಿ ಇಲ್ಲಿದೆ. ಇಂತಹ ಪ್ರವಾಸಗಳ ಜಾಹೀರಾತಿನಲ್ಲಿ ಕಾಣುವ ದರವು ಇಬ್ಬರು ಒಂದು ಕೋಣೆಯಲ್ಲಿ ಉಳಿಯುವರೆಂಬ ಲೆಕ್ಕದ್ದು. ಒಬ್ಬರೇ ಬಂದವರು ಒಂದೋ ಅಪರಿಚಿತರೊಡನೆ ಕೋಣೆ ಹಂಚಿಕೊಳ್ಳಬೇಕು, ಇಲ್ಲವೇ ಹೆಚ್ಚಿನ ಹಣ ತೆರಬೇಕು. ಬೆಳಗಿನ ಪೂಜೆಗೆ ಏಕಾಂತ ಬೇಕಾಗಿದ್ದುದರಿಂದ ನಾವು ಹಣವನ್ನೇ ತೆತ್ತೆವು. ಅಲ್ಲಿಗೆ ಹೋದ ಮೇಲೆ ತಿಳಿದದ್ದೇನೆಂದರೆ, ಹೋಟೆಲಿನ ಕೋಣೆಯಲ್ಲಿ ಊದಿನಕಡ್ಡಿ ಹಚ್ಚುವಂತಿಲ್ಲ. ಹೊಗೆ ಕಂಡೊಡನೆ ಚಾವಣಿಯ ಯಂತ್ರ ಕೂಗಿಕೊಂಡು ಇಡೀ ಕಟ್ಟಡವನ್ನೇ ಎಬ್ಬಿಸುವುದಂತೆ. ವಿಭೂತಿ, ಪತ್ರೆ ಇಲ್ಲದ ಒಂದೆರಡು ಹೂವು, ಇಷ್ಟರಲ್ಲೇ ಪೂಜೆ ಸಾಗಿತು.

2024ರ ಜೂನ್ ತಿಂಗಳು. ರಾತ್ರಿ ಒಂಬತ್ತಾದರೂ ಅಲ್ಲಿ ಬೆಳಕು ಆರುವುದಿಲ್ಲ. ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ. ಮಗಳಿಗೆ ಫೋನು ಮಾಡುವ ಹೊತ್ತಿಗೆ ಆಕೆ ಮಲಗಿರುತ್ತಿದ್ದಳು. ನಮ್ಮ ಗುಂಪಿನಲ್ಲಿದ್ದವರು 29 ಮಂದಿ. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರದ ದಂಪತಿಗಳು, ಅಕ್ಕತಂಗಿಯರು, ಒಬ್ಬ ಅಜ್ಜಿ ಮತ್ತು ಆಕೆಯ ಕಾಲೇಜು ಓದುವ ಮೊಮ್ಮಗ, ಹೀಗೆ ಹದಿನಾಲ್ಕು ಜೋಡಿ. ಉಳಿದ ಒಬ್ಬರು ನಾವು. ಬಸ್ಸಿನಲ್ಲಿ ಎರಡೆರಡು ಆಸನಗಳ ಸಾಲು. ನಮ್ಮ ಪಕ್ಕದ ಆಸನದ ಮೇಲೆ ನಮ್ಮ ಕೈಚೀಲ ಕುಳಿತಿರುತ್ತಿತ್ತು. ಪ್ರತಿ ನಿಲುಗಡೆಯಲ್ಲಿಯೂ ಟೂರ್ ಮ್ಯಾನೇಜರ್ ಹುಡುಗ ಬಾಗಿಲಲ್ಲಿ ನಿಂತು "ಬಾಜೂದವರು ಬಂದಾರೇನ್ರಿ, ನೋಡ್ಕೋರಿ" ಎಂದು ಕೂಗುತ್ತಿದ್ದ. ಎಲ್ಲರೂ ಪಕ್ಕಕ್ಕೆ ನೋಡಿ "ಹೂಂ" ಅನ್ನುತ್ತಿದ್ದರು. ನಾವೂ ಒಮ್ಮೆ ಕೈಚೀಲದ ಕಡೆ ನೋಡುತ್ತಿದ್ದೆವು.

ಎರಡನೆಯ ದಿನ ಬ್ರಿಟಿಷ್ ಮ್ಯೂಸಿಯಂ. 1753ರಲ್ಲಿ ಸ್ಥಾಪನೆಯಾದ ಈ ಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ಒಂದೂವರೆ ತಾಸಿನಲ್ಲಿ ಎಲ್ಲರೂ ಹೊರಗೆ ಬರಬೇಕೆಂಬುದು ಆಜ್ಞೆ. ಉಳಿದವರು ಈಜಿಪ್ಟಿನ ಶವಪೆಟ್ಟಿಗೆಗಳ ಕಡೆಗೆ ನಡೆದರು. ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನಮಗೆ ಬೇರೊಂದು ಗುರಿ ಇತ್ತು. ಅಮರಾವತಿಯ ಸ್ತೂಪದ ಶಿಲ್ಪಗಳನ್ನು ಅಲ್ಲಿ ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ್ದಾರೆ. ನಮ್ಮ ಕೂಡಲಸಂಗಮವನ್ನು ದಾಟಿ ಹರಿದು ಹೋಗುವ ಕೃಷ್ಣೆಯದೇ ದಡದ ಕಲ್ಲುಗಳವು. 1845ರಲ್ಲಿ ಅವುಗಳನ್ನು ಅಗೆಸಿ ತೆಗೆದವನು ವಾಲ್ಟರ್ ಎಲಿಯಟ್. ಮದರಾಸಿನಲ್ಲಿ ಕೆಲವು ವರ್ಷ ಬಿಸಿಲುಮಳೆಗೆ ಬಿದ್ದಿದ್ದ ಅವು 1859ರಲ್ಲಿ ಲಂಡನ್ನಿಗೆ ಹೋದವು.

ಈ ಎಲಿಯಟ್ ನಮ್ಮ ಭಾಗಕ್ಕೆ ಅಪರಿಚಿತನಲ್ಲ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮೇಲೆ ಹೋಗಿ ಮಡಿದಾಗ, ರಾಣಿ ಚೆನ್ನಮ್ಮನವರ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬನು ಇವನೇ. ಕೆಲವು ವಾರಗಳ ನಂತರ ಬಿಡುಗಡೆ ಹೊಂದಿದ ಅವನು ಮುಂದೆ ನಮ್ಮ ಸೀಮೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದನು. ಕಿತ್ತೂರಿನ ಕೋಟೆಯಲ್ಲಿ ಕೂಡಿಟ್ಟಿದ್ದ ಹುಡುಗನು ಜೀವ ಉಳಿಸಿಕೊಂಡು ಹೋಗಿ ಅಗೆಸಿದ ಕಲ್ಲುಗಳನ್ನು, ಇನ್ನೂರು ವರ್ಷ ತುಂಬಲು ನಾಲ್ಕೇ ತಿಂಗಳಿರುವಾಗ, ಧಾರವಾಡದಿಂದ ಹೋದ ಮಾಸ್ತರ್ತಿಯೊಬ್ಬಳು ನಿಂತು ನೋಡಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಗಡಿಯಾರ ನೋಡಿಕೊಂಡು ಗಡಿಬಿಡಿಯಿಂದ ಹತ್ತಿರದ ಬಾಗಿಲಿನಿಂದ ಹೊರಗೆ ಬಂದೆವು. ನಮ್ಮ ಬಸ್ಸು ಇರಲಿಲ್ಲ. ಆ ಕಟ್ಟಡಕ್ಕೆ ಎರಡು ಬಾಗಿಲುಗಳಿವೆ. ಎತ್ತರದ ಕಂಬಗಳ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ. ನಾವು ನಿಂತದ್ದು ಹಿಂದೆ. ಮುಂದೆ ಬಸ್ಸು ಬಂದು, ಹುಡುಗ ಎಂದಿನಂತೆ ಕೂಗಿ, ಎಲ್ಲರೂ ಪಕ್ಕಕ್ಕೆ ನೋಡಿ "ಹೂಂ" ಎಂದು, ಬಸ್ಸು ಹೊರಟೇಹೋಯಿತು. ಅಂಥ ಬಸ್ಸುಗಳನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಗೊಡುವುದಿಲ್ಲ.

ಜೋಡಿಯಾಗಿ ಬಂದವರಲ್ಲಿ ಒಬ್ಬರು ತಪ್ಪಿದರೆ ಇನ್ನೊಬ್ಬರು ಕೂಗುತ್ತಾರೆ. ಒಬ್ಬರೇ ಬಂದವರು ತಪ್ಪಿದರೆ ಕೂಗಲು ಬಸ್ಸಿನಲ್ಲಿ ಯಾರಿರುತ್ತಾರೆ? ನಮಗೆ ಈ ಯೋಚನೆ ಆಮೇಲೆ ಬಂದದ್ದು. ಆ ಹೊತ್ತಿಗೆ ಬರಿಯ ದಿಗಿಲು. ಮಳೆ ಸಣ್ಣಗೆ ಹನಿಯುತ್ತಿತ್ತು. ಫೋನಿಗೆ ಅಲ್ಲಿನ ಸಿಮ್ ಹಾಕಿಸಿರಲಿಲ್ಲ. ಹೋಟೆಲಿನ ವೈಫೈ ಸಾಕೆಂಬ ಜಿಪುಣತನ ನಮ್ಮದು. "ಈಗೇನು ಮಾಡೂಣ್ರಿ?" ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆವು. ಕೇಳಿದ್ದು ಬಲಗಡೆಗೆ ತಿರುಗಿ. ಅಲ್ಲಿ ಯಾರೂ ಇರಲಿಲ್ಲ. ನಲವತ್ತು ವರ್ಷದ ಅಭ್ಯಾಸ.

ಬಾಗಿಲಿನ ಕಾವಲುಗಾರ, ಕಪ್ಪು ಮೈಬಣ್ಣದ ಎತ್ತರದ ಮನುಷ್ಯ, ನಮ್ಮನ್ನು ಒಳಗೆ ಕರೆದು ಕುರ್ಚಿ ಕೊಟ್ಟ. ಕೊರಳಿನ ಗುರುತಿನ ಚೀಟಿಯಲ್ಲಿದ್ದ ನಂಬರಿಗೆ ತಾನೇ ಫೋನು ಮಾಡಿದ. ಆತ ಹೇಳುವ ತನಕ ನಾವು ಬಸ್ಸಿನಲ್ಲಿಲ್ಲವೆಂಬುದು ಬಸ್ಸಿನವರಿಗೆ ಗೊತ್ತಿರಲಿಲ್ಲ. ಮ್ಯಾನೇಜರ್ ಹುಡುಗ ಟ್ಯಾಕ್ಸಿಯಲ್ಲಿ ಬಂದು ಕರೆದೊಯ್ಯುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಅವನ ಮುಖ ನಮ್ಮದಕ್ಕಿಂತ ಬಿಳಿಚಿಕೊಂಡಿತ್ತು, ಬಯ್ಯಲು ಮನಸ್ಸಾಗಲಿಲ್ಲ. ಬಾಗಿಲು ತಪ್ಪಿದ್ದು ನಮ್ಮದೇ ತಪ್ಪು. ಆದರೂ ಹೇಳತಕ್ಕ ಮಾತೊಂದಿದೆ. ಒಂಟಿ ಕೋಣೆಗೆಂದು ಹೆಚ್ಚಿನ ಹಣ ಎಣಿಸಿಕೊಂಡವರು ಒಂಟಿ ತಲೆಯನ್ನೂ ಎಣಿಸಬೇಕಾಗಿತ್ತು.

ಬಸ್ಸು ಹತ್ತಿದಾಗ ಯಾರೂ ಮಾತನಾಡಲಿಲ್ಲ. ಎದುರು ಸಾಲಿನ ಸೊಲ್ಲಾಪುರದ ಅಜ್ಜಿ ಮಾತ್ರ ಎದ್ದು ಬಂದು, ನಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತರು. "ಅಕ್ಕೋರ, ನಾ ನೋಡಿದ್ದೆ, ನಿಮ್ಮ ಸೀಟು ಖಾಲಿ ಇತ್ತು. ಆದರ ನಿಮ್ಮ ಕಡೀದು ಒಂದು ಸೀಟು ದಿನಾ ಖಾಲಿನ ಇರತೈತಲ್ಲ, ಇದೂ ಅದ ಇರಬೇಕು ಅಂತ ಸುಮ್ನ ಕುಂತೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಂದಿನಿಂದ ಪ್ರವಾಸ ಮುಗಿಯುವವರೆಗೂ ಆ ಆಸನದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಬೆಳಗಾವಿಯ ತರುಣ ದಂಪತಿಗಳು ಜಗಳವಾಡಿಕೊಂಡ ದಿನ ಆ ಹುಡುಗಿ ಅರ್ಧ ದಿನ ನಮ್ಮ ಪಕ್ಕದಲ್ಲೇ ಕುಳಿತಳು. ಅವಳು ಹೇಳಿದ್ದು ಇಲ್ಲಿ ಬರೆಯುವಂಥದಲ್ಲ.

ಮೂರನೆಯ ದಿನ ಟವರ್ ಆಫ್ ಲಂಡನ್ ಕೋಟೆಯನ್ನು ನೋಡಿದೆವು. ಅಲ್ಲಿ ದೊಡ್ಡ ಕಾಡುಕಾಗೆಗಳನ್ನು ಸಾಕಿದ್ದಾರೆ. ಅವು ಕೋಟೆ ಬಿಟ್ಟುಹೋದರೆ ರಾಜ್ಯವೇ ಅಳಿಯುವುದೆಂದು ಪ್ರತೀತಿ ಇರುವುದರಿಂದ ಆರಕ್ಕೆ ಕಡಿಮೆಯಾಗದಂತೆ ಕಾಯುತ್ತಾರೆ. ಅವುಗಳನ್ನು ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿ. ಒಂದೊಂದರ ಕಾಲಿಗೂ ಗುರುತಿಗಾಗಿ ಬೇರೆ ಬೇರೆ ಬಣ್ಣದ ಬಳೆ. ಇದನ್ನು ಕೇಳಿ ಅಜ್ಜಿಯವರು ಮ್ಯಾನೇಜರ್ ಹುಡುಗನನ್ನು ಹತ್ತಿರ ಕರೆದು "ಕೇಳಿಸ್ಕೊಂಡಿಯೇನಪಾ?" ಎಂದರು. ಕೊಹಿನೂರು ಇರುವುದೂ ಅಲ್ಲಿಯೇ. 1849ರಲ್ಲಿ ಪಂಜಾಬನ್ನು ಕಸಿದುಕೊಂಡಾಗ ಬಾಲಕ ಮಹಾರಾಜ ದುಲೀಪ ಸಿಂಗನಿಂದ ಪಡೆದ ಆ ವಜ್ರವನ್ನು ಅವರು 1852ರಲ್ಲಿ ತಮಗೆ ಬೇಕಾದಂತೆ ಮರಳಿ ಕಡೆಯಿಸಿದರು. ಕಿರೀಟಗಳ ಮುಂದೆ ನಿಲ್ಲಗೊಡುವುದಿಲ್ಲ. ಕಾಲಡಿಯ ನೆಲವೇ ಪಟ್ಟಿಯಂತೆ ಚಲಿಸಿ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಅಜ್ಜಿಯವರು ಸುತ್ತಿಬಂದು ಮೂರು ಸಲ ಹತ್ತಿದರು. "ನಮ್ಮದ ಅಂದಮ್ಯಾಲ ನೋಡಾಕೇನು" ಎಂಬುದು ಅವರ ವಾದ.

ರಾಜರ ಅರಮನೆ, ಪಹರೆ ಬದಲಾಯಿಸುವ ಕವಾಯತು, ಥೇಮ್ಸ್ ದಡದ ದೊಡ್ಡ ಚಕ್ರ ಇವುಗಳ ಚಿತ್ರಗಳನ್ನು ಓದುಗರು ಸಾಕಷ್ಟು ನೋಡಿರುತ್ತಾರೆ. ಅವು ಚಿತ್ರಗಳಲ್ಲಿದ್ದಂತೆಯೇ ಇವೆ.

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರಿಗೂ ಬಿಡುವು ಕೊಟ್ಟರು. ಬಹುಜನರು ಅಂಗಡಿಗಳ ಬೀದಿಗೆ ಹೋದರು. ಮೊದಲನೆಯ ದಿನ ಬಸ್ಸು ನದಿಯ ದಡದಲ್ಲಿ ಸಾಗುವಾಗ ಅಲ್ಲಿಯ ಮಾರ್ಗದರ್ಶಿ ಮಹಿಳೆ ಹೇಳಿದ ಕಥೆಯೊಂದು ನಮ್ಮ ತಲೆಯಲ್ಲಿ ಕುಳಿತಿತ್ತು. ಎಂಬ್ಯಾಂಕ್‌ಮೆಂಟ್ ಎಂಬ ನೆಲದಡಿಯ ನಿಲ್ದಾಣದ ಕಥೆ ಅದು. ಅಲ್ಲಿ ಪ್ಲಾಟ್‌ಫಾರಂ ಬಾಗಿರುವುದರಿಂದ ಗಾಡಿಗೂ ಅಂಚಿಗೂ ನಡುವೆ ಸಂದು ಉಳಿಯುತ್ತದೆ. "ಮೈಂಡ್ ದ ಗ್ಯಾಪ್", ಅಂದರೆ ಸಂದಿನ ಕಡೆ ಲಕ್ಷ್ಯವಿರಲಿ, ಎಂಬ ಎಚ್ಚರಿಕೆಯನ್ನು ದಶಕಗಳ ಹಿಂದೆ ಒಬ್ಬ ನಟನ ಕಂಠದಲ್ಲಿ ಮುದ್ರಿಸಿಕೊಂಡಿದ್ದರು. ಆತ 2007ರಲ್ಲಿ ತೀರಿಕೊಂಡ. ವೃತ್ತಿಯಿಂದ ವೈದ್ಯೆಯಾದ ಆತನ ಹೆಂಡತಿ ಅಲ್ಲಿಗೆ ಹೋಗಿ ಗಂಡನ ಧ್ವನಿಯನ್ನು ಕೇಳಿಬರುತ್ತಿದ್ದರಂತೆ. 2012ರಲ್ಲಿ ಹೊಸ ಯಂತ್ರ ಬಂದು ಹಳೆಯ ಧ್ವನಿ ನಿಂತಿತು. ಆಕೆ ಆ ಧ್ವನಿಯ ಪ್ರತಿಯೊಂದು ತಮಗೆ ದೊರೆಯುವುದೇ ಎಂದು ರೈಲಿನವರನ್ನು ವಿಚಾರಿಸಿದರು. ಅವರು ಪ್ರತಿಯನ್ನು ಕೊಟ್ಟದ್ದಲ್ಲದೆ 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಹಳೆಯ ಧ್ವನಿಯನ್ನೇ ಮರಳಿ ಹಾಕಿದರು.

ನಮ್ಮ ಜೊತೆಗೆ ಅಜ್ಜಿಯವರೂ ಮೊಮ್ಮಗನೂ ಹೊರಟರು. ಮೆಟ್ಟಿಲುಯಂತ್ರ ಇಳಿದು, ನಾರ್ದರ್ನ್ ಲೈನ್ ಎಂಬ ಮಾರ್ಗದ ಉತ್ತರಕ್ಕೆ ಹೋಗುವ ಪ್ಲಾಟ್‌ಫಾರಮ್ಮಿನಲ್ಲಿ ಬೆಂಚಿನ ಮೇಲೆ ಕುಳಿತೆವು. ಗಾಡಿ ಬಂತು. ಗಂಭೀರವಾದ, ಸ್ವಲ್ಪ ಹಳೆಯ ಕಾಲದ ಗಂಡುಧ್ವನಿ ಆ ಮೂರು ಮಾತನ್ನು ಹೇಳಿತು. ಜನ ಹತ್ತಿದರು, ಇಳಿದರು, ಗಾಡಿ ಹೋಯಿತು. ನಾವು ಏಳಲಿಲ್ಲ. ನಮ್ಮ ಮನೆಯಲ್ಲಿ ಮಗಳ ತೊಟ್ಟಿಲ ಕಾರ್ಯದ ಒಂದು ಕ್ಯಾಸೆಟ್ ಇದೆ. ಹಾಡುಗಳ ನಡುವೆ ಯಜಮಾನರು ಯಾರಿಗೋ "ಮೊದಲ ಹಿರಿಯರಿಗೆ ನೀರು ಕೊಡ್ರಿ" ಅನ್ನುವುದು ಅದರಲ್ಲಿ ಕೇಳಿಸುತ್ತದೆ. ಅವರ ಧ್ವನಿಯೆಂದು ಉಳಿದಿರುವುದು ಅಷ್ಟೇ. ಐದು ವರ್ಷದಿಂದ ನಾವು ಅದನ್ನು ಹಾಕಿ ಕೇಳಿಲ್ಲ.

ಎರಡನೆಯ ಗಾಡಿಯೂ ಹೋಯಿತು. "ಏನಂತಾನ ಆತ, ಸಾರಸಾರಕ?" ಎಂದು ಅಜ್ಜಿಯವರು ಕೇಳಿದರು. ಅರ್ಥವನ್ನು ಹೇಳಿ, ಧ್ವನಿ ಯಾರದೆಂಬುದನ್ನೂ ಹೇಳಿದೆವು. ಅಜ್ಜಿಯವರೂ ಪತಿಯನ್ನು ಕಳೆದುಕೊಂಡವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲೆದ್ದು ನಿಂತಿದ್ದ ಮೊಮ್ಮಗನ ಕೈಹಿಡಿದು ಮರಳಿ ಕೂಡಿಸಿದರು. "ಇನ್ನೊಂದು ಗಾಡಿ ಬರಲಿ. ಅವಸರೇನೈತಿ?"

ಅಲ್ಲಿಂದ ಹೊರಬಿದ್ದು ನದಿಯ ದಂಡೆಯಲ್ಲಿ ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದೆವು. ಆಚೆ ದಡದ ಗೋಡೆಯುದ್ದಕ್ಕೂ ಕೆಂಪು ಹೃದಯದ ಚಿತ್ರಗಳು. ಕೋವಿಡ್ಡಿನಿಂದ ಆ ದೇಶದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದರಂತೆ 2021ರಲ್ಲಿ ಜನರು ಬರೆಯತೊಡಗಿದ್ದು. ಹಲವುಗಳೊಳಗೆ ಹೆಸರುಗಳಿವೆ. ಮೊಮ್ಮಗ ಕೆಲವನ್ನು ಓದಿ ಹೇಳುತ್ತ ಬಂದ. ಇನ್ನೂ ಮುಂದೆ, ಲ್ಯಾಂಬೆತ್ ಸೇತುವೆಯನ್ನು ದಾಟಿದ ಮೇಲೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ್ದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ಪ್ರವಾಸದ ಪಟ್ಟಿಯಲ್ಲಿ ಅದು ಇರಲಿಲ್ಲ. ಅಂಗಡಿಗೆ ಹೋಗಿದ್ದವರಲ್ಲಿ ಒಂಬತ್ತು ಮಂದಿ ನಮಗಿಂತ ಮೊದಲೇ ಅಲ್ಲಿಗೆ ಬಂದು ನಿಂತಿದ್ದರು. ಬೆಳಗಾವಿಯ ಆ ತರುಣ ದಂಪತಿಗಳೂ ಇದ್ದರು, ಕೈಯಲ್ಲಿ ಚೀಲಗಳಿಲ್ಲದೆ. ಅಜ್ಜಿಯವರು ಚಪ್ಪಲಿ ಬಿಟ್ಟು ಶರಣು ಮಾಡಿದರು. ದಾರಿಯಲ್ಲಿ ಓಡುತ್ತಿದ್ದ ಬಿಳಿಯ ಹುಡುಗಿಯೊಬ್ಬಳು ನಿಂತು ನಮ್ಮೆಲ್ಲರ ಫೋಟೋ ತೆಗೆದುಕೊಟ್ಟಳು. ಆ ಫೋಟೋದಲ್ಲಿ ನಾವು ನಡುವೆ ಇದ್ದೇವೆ.

ಐದನೆಯ ದಿನ ವಿಮಾನ ನಿಲ್ದಾಣಕ್ಕೆ ಹೊರಟಾಗ ಮ್ಯಾನೇಜರ್ ಹುಡುಗ ಒಂದೊಂದೇ ತಲೆ ಮುಟ್ಟುವಂತೆ ಬೆರಳು ತೋರಿಸಿ ಎಣಿಸಿದ. 28ಕ್ಕೆ ನಿಂತು, ಮತ್ತೆ ಮೊದಲಿನಿಂದ ಎಣಿಸಿದ. ಮತ್ತೆ 28. ಇಡೀ ಬಸ್ಸು ಒಮ್ಮೆಲೇ ನಮ್ಮ ಕಡೆ ತಿರುಗಿತು. ನಾವು ನಮ್ಮ ಜಾಗದಲ್ಲಿಯೇ ಇದ್ದೆವು. ಇರಲಿಲ್ಲದವರು ಅಜ್ಜಿ. ಹೋಟೆಲಿನ ಊಟದ ಕೋಣೆಯಲ್ಲಿ ಅಡುಗೆಯ ಹೆಣ್ಣುಮಗಳಿಗೆ ಶೇಂಗಾ ಚಟ್ನಿಯ ಡಬ್ಬಿ ಕೊಡಲು ನಿಂತುಬಿಟ್ಟಿದ್ದರು. ಮೊಮ್ಮಗನಿಗಿಂತ ಮೊದಲು "ನಿಲ್ಲಸ್ರಿ" ಎಂದು ಕೂಗಿದವರು ನಾವು.